ಬೀಗದ ಆ್ಯಪ್ ಯಾರ ಫೋನಿನಲ್ಲಿದೆ?

ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ ನಾವು ಮೂವರು ಗೆಳತಿಯರಿದ್ದೆವು. ಧಾರವಾಡದವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಮಂಚ, ಮಿಕ್ಸಿ, ಮುದ್ದಿನ ಬೆಕ್ಕು ಎಲ್ಲವನ್ನೂ ಕರೆದುಕೊಂಡು, ಹೊತ್ತುಕೊಂಡು ಹೊರಟಳು. ತಾನೇ ಹಾಕಿಸಿದ್ದ, ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ, ಫೋನಿನ ಆ್ಯಪ್‌ಗೆ ಜೋಡಿಸಿದ ಬಾಗಿಲಿನ ಸ್ಮಾರ್ಟ್ ಲಾಕ್, ಗೀಸರನ್ನು ಫೋನಿನಿಂದಲೇ ಆನ್, ಆಫ್ ಮಾಡುವ 16 ಆಂಪ್ ಸ್ಮಾರ್ಟ್ ಪ್ಲಗ್, ನಡುಮನೆಯ ಸ್ಪೀಕರ್, ಬೆಕ್ಕಿನ ಮೇಲೆ ಕಣ್ಣಿಡಲು ತಂದಿದ್ದ ಪುಟ್ಟ ಕ್ಯಾಮೆರಾ ಇಷ್ಟನ್ನು ಮಾತ್ರ ‘ನಿಮಗss ಇರ್ಲಿ’ ಎಂದು ಬಿಟ್ಟುಹೋದಳು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅವಳ ಕೈ ಯಾವಾಗಲೂ ದೊಡ್ಡದು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳಿಂದ ಮೆಸೇಜ್ ಬಂತು: “ನಿನ್ನೆ ಬರೂದು ರಾತ್ರಿ ಒಂದೂವರಿ ಆತಲ್ಲ, ಆರಾಮ ಇದ್ದೀಯಿಲ್ಲ?” ಕಾಳಜಿಯ ಮಾತೇ. ಆದರೆ ನಾನು ಎಷ್ಟು ಹೊತ್ತಿಗೆ ಬಂದೆ ಎಂದು ಯಾರಿಗೂ ಹೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದವಳಿಗೂ ಗೊತ್ತಿರಲಿಲ್ಲ. ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದವಳಿಗೆ ಗೊತ್ತಿತ್ತು, ಏಕೆಂದರೆ ಲಾಕ್ ಇನ್ನೂ ಅವಳ ಖಾತೆಯಲ್ಲಿತ್ತು. ಬಾಗಿಲು ತೆರೆದಾಗಲೆಲ್ಲ ಯಾರ ಬೆರಳು, ಎಷ್ಟು ಗಂಟೆ ಎಂಬುದೆಲ್ಲ ಅವಳ ಫೋನಿಗೆ ಹೋಗುತ್ತಿತ್ತು.

ನೋಟಿಫಿಕೇಶನ್ ಆಫ್ ಮಾಡಲು ಹೇಳಿದರೆ ಸಾಕಲ್ಲ ಎಂದಳು ಇನ್ನೊಬ್ಬಳು. ನನಗೆ ಅದು ಸಮಾಧಾನವಾಗಲಿಲ್ಲ. ಸದ್ದು ನಿಲ್ಲುತ್ತದೆ, ದಾಖಲೆ ನಿಲ್ಲುವುದಿಲ್ಲ. ಗೆಳತಿ ಎಷ್ಟೇ ಒಳ್ಳೆಯವಳಿರಲಿ, ಒಂದು ಮನೆಯಲ್ಲಿ ವಾಸವಿಲ್ಲದವರ ಕೈಯಲ್ಲಿ ಆ ಮನೆಯ ಬಾಗಿಲು ಇರಬಾರದು.

ಭಾನುವಾರ ಅವಳಿಗೇ ವಿಡಿಯೋ ಕಾಲ್ ಮಾಡಿದೆವು. ವಿಷಯ ಕೇಳಿ ಅವಳೇ ನೊಂದುಕೊಂಡಳು: “ಅಯ್ಯ, ನನಗ ಹೊಳೀಲೇ ಇಲ್ಲ ನೋಡು.” ಆಮೇಲೆ ಇಡೀ ಮಧ್ಯಾಹ್ನ ಮೂವರೂ ಕೂತು ಒಂದೊಂದನ್ನೇ ಬಿಡಿಸಿದೆವು. ಇಂಥ ಆ್ಯಪ್‌ಗಳಲ್ಲಿ ಮೊದಲು ಸಾಧನ ಜೋಡಿಸಿದವರೇ ಮಾಲೀಕರು. ಸ್ಮಾರ್ಟ್ ಲೈಫ್‌ನಂಥ ಆ್ಯಪ್‌ನಲ್ಲಿ ಮಾಲೀಕ, ಅಡ್ಮಿನ್, ಸಾಮಾನ್ಯ ಸದಸ್ಯ ಎಂಬ ಮೆಟ್ಟಿಲುಗಳಿವೆ. ಸದಸ್ಯರು ದೀಪ ಹಚ್ಚಬಹುದು, ಆರಿಸಬಹುದು; ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಂಬುದು ಅವರ ಕೈಯಲ್ಲಿಲ್ಲ. ಇಂಥದ್ದೇ ಇನ್ನೊಂದು ಆ್ಯಪ್ ಗೂಗಲ್ ಹೋಮ್‌ನಲ್ಲಂತೂ ಬಹುಕಾಲ ಈ ಭೇದವೇ ಇರಲಿಲ್ಲ, ಒಳಗೆ ಕರೆದವರಿಗೆಲ್ಲ ಪೂರ್ತಿ ಅಧಿಕಾರ. ಅಡ್ಮಿನ್, ಮೆಂಬರ್ ಎಂಬ ವಿಂಗಡಣೆ ಬಂದದ್ದು ಇತ್ತೀಚೆಗೆ.

ಪ್ಲಗ್ ಬೇರೆಯೇ ಪಾಠ ಕಲಿಸಿತು. ಅದು ಮ್ಯಾಟರ್ ಎಂಬ ಹೊಸ ಮಾನದಂಡದ್ದು. 2022ರಲ್ಲಿ ಬಂದ ಈ ಪದ್ಧತಿಯಲ್ಲಿ ಒಂದೇ ಸಾಧನವನ್ನು ಗೂಗಲ್, ಆ್ಯಪಲ್, ಅಮೆಜಾನ್ ಮೂರಕ್ಕೂ ಒಟ್ಟಿಗೆ ಜೋಡಿಸಬಹುದು. ಅನುಕೂಲವೇನೋ ಹೌದು. ಆದರೆ ಒಂದು ಆ್ಯಪ್‌ನಿಂದ ತೆಗೆದರೆ ಇನ್ನೊಂದರಲ್ಲಿ ಹಾಗೇ ಉಳಿದಿರುತ್ತದೆ. ಅವಳ ಐಫೋನಿನಲ್ಲಿ ನಮ್ಮ ಗೀಸರ್ ಇನ್ನೂ ಕಾಣಿಸುತ್ತಲೇ ಇತ್ತು. ಕೊನೆಗೆ ಪ್ಲಗ್‌ನ ಬಟನ್ ಒತ್ತಿ ಹಿಡಿದು ಪೂರ್ತಿ ರೀಸೆಟ್ ಮಾಡಿದ ಮೇಲೆಯೇ ಎಲ್ಲ ನಂಟು ಕಡಿಯಿತು. ಲಾಕ್‌ನದೂ ಅಷ್ಟೇ: ಆ್ಯಪ್‌ನಿಂದ ಹೆಸರು ಹೋದರೂ ಒಳಗೆ ಕೂತ ಬೆರಳಚ್ಚು, ನೆನಪಿನಲ್ಲಿರುವ ಪಿನ್ ತಾವಾಗಿ ಹೋಗುವುದಿಲ್ಲ, ಬೇರೆಯಾಗಿ ಅಳಿಸಬೇಕು. ಕ್ಯಾಮೆರಾದ ಬಗ್ಗೆ ಚರ್ಚೆಯೇ ಆಗಲಿಲ್ಲ. ನೋಡಿಕೊಳ್ಳಲು ಬೆಕ್ಕೇ ಇಲ್ಲದ ಮೇಲೆ ಅದೇಕೆ? ಅವಳ ವಿಳಾಸಕ್ಕೆ ಕೊರಿಯರ್ ಮಾಡಿದೆವು.

ಹೊಸ ಖಾತೆ ಯಾರ ಹೆಸರಲ್ಲಿ ಎಂಬ ಪ್ರಶ್ನೆಗೆ ಉತ್ತರವಾಗಿ ಮನೆಗೆಂದೇ ಒಂದು ಹೊಸ ಇಮೇಲ್ ವಿಳಾಸ ತೆರೆದೆವು. ಪಾಸ್‌ವರ್ಡ್ ಇಬ್ಬರಿಗೂ ಗೊತ್ತು. ಯಾರು ಮನೆ ಬಿಟ್ಟರೂ ಅಂದೇ ಬದಲಾಗುತ್ತದೆ.

ನಾನು ಅಂದುಕೊಂಡಿರದ ಮಾತು ಬಂದದ್ದು ಅಡುಗೆಯ ಅಕ್ಕನಿಂದ. ಹೊಸ ಪಿನ್ ಕೊಡುವಾಗ ಅವರು ಮೆಲ್ಲಗೆ ಕೇಳಿದರು: “ನಾನು ಎಷ್ಟೊತ್ಗೆ ಬಂದೆ, ಹೋದೆ ಅಂತ ಇದ್ರಲ್ಲಿ ಬರತ್ತಾ ಕಣಮ್ಮ?” ಬರುತ್ತದೆ ಎಂದೆ. “ಹಂಗಾದ್ರೆ ನಂಗೆ ಬೀಗದ ಕೈನೇ ಕೊಟ್ಬಿಡಿ” ಅಂದರು. ಹಿಂದೆ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಅದನ್ನೇ ನೋಡಿ ಹತ್ತು ನಿಮಿಷ ತಡವಾದದ್ದಕ್ಕೂ ಸಂಬಳ ಹಿಡಿದಿದ್ದರಂತೆ. ಒಂದೂವರೆ ಗಂಟೆಯ ಆ ಮೆಸೇಜ್ ನೋಡಿ ನನಗೆ ಆದ ಕಸಿವಿಸಿಯನ್ನು ಇವರು ದಿನಾ ಅನುಭವಿಸಬೇಕೇ? ಲಾಕ್‌ನೊಂದಿಗೆ ಬಂದ ಬೀಗದ ಕೈಯನ್ನೇ ಅವರಿಗೆ ಕೊಟ್ಟೆವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಹೊಸ್ತಿಲೊಳಗಿನ ನಿಯಮವನ್ನು ಮನೆಯವರೇ ಮಾಡಿಕೊಳ್ಳಬೇಕು, ಆ ಮನೆಯವರಲ್ಲಿ ಅಡುಗೆಯ ಅಕ್ಕನೂ ಸೇರುತ್ತಾರೆ ಎಂದೇ ನಾನು ನಂಬುತ್ತೇನೆ.

ಖಾಲಿ ಕೋಣೆ ನೋಡಲು ಮೊನ್ನೆ ಶಿವಮೊಗ್ಗದ ಹುಡುಗಿಯೊಬ್ಬಳು ಬಂದಿದ್ದಳು. ಅಡ್ವಾನ್ಸ್ ಮಾತಿಗಿಂತ ಮೊದಲೇ ಯಾವ ಸಾಧನ ಎಲ್ಲಿದೆ, ಏನೇನು ದಾಖಲಾಗುತ್ತದೆ, ಯಾರು ನೋಡಬಹುದು ಎಂದು ಫೋನ್ ತೆರೆದು ತೋರಿಸಿದೆವು. ನಡುಮನೆಯ ಸ್ಪೀಕರ್‌ನ ಮೈಕ್ ಆಫ್ ಇದ್ದರೆ ಆಗಬಹುದಾ ಎಂದು ಕೇಳಿದಳು. ಅವಳ ಎದುರಿಗೇ ಆಫ್ ಮಾಡಿದೆವು.