ಮುಕ್ಕಾಲು ಲಾಗ

ಹೋದ ವರ್ಷ ಏಪ್ರಿಲ್‌ನಲ್ಲಿ, ಹೊರಗೆ ಕಾಲಿಟ್ಟರೆ ಚಪ್ಪಲಿ ಸುಡುವ ಬಿಸಿಲಲ್ಲಿ, ನಾನು ಬೆನ್ನು ಕೆಂಪಗೆ ಮಾಡಿಕೊಂಡು ಬಾವಿಯಿಂದ ಎದ್ದು ಬಂದೆ. ಕಾರಣ ಒಂದು ಹಿಮದ ಆಟ. ಕಲಬುರಗಿಯವರಿಗೆ ಹಿಮ ಅಂದ್ರೆ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳೋದು, ಅಷ್ಟೇ ಅಲ್ವಾ.

ಅಕ್ಕನ ಮಗ ರಜೆಗೆ ಬಂದಿದ್ದ. ಹದಿನಾಲ್ಕು ವರ್ಷ, ಕೈಯಲ್ಲಿ ಸದಾ ಮೊಬೈಲು. ನಮ್ಮೂರು ಆಳಂದ ರಸ್ತೆಯ ಕಡೆ, ತೊಗರಿ ಹೊಲದ ನಡುವೆ ಹಳೇ ಮೆಟ್ಟಿಲು ಬಾವಿ ಇದೆ. ಬಾವಿ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕೂತು ಒಂದು ವಿಡಿಯೋ ತೋರಿಸಿದ. 2022ರ ಬೀಜಿಂಗ್ ಒಲಿಂಪಿಕ್ಸ್, ಚೀನಾದ ಷೂ ಮೆಂಗ್‌ಟಾವ್. ಹಿಮದ ಇಳಿಜಾರಲ್ಲಿ ಸ್ಕೀ ಮೇಲೆ, ಅಂದ್ರೆ ಕಾಲಿಗೆ ಕಟ್ಟಿದ ಉದ್ದನೆ ಪಟ್ಟಿಗಳ ಮೇಲೆ, ಜಾರಿ ಬರ್ತಾಳೆ, ಮುಂದೆ ಗೋಡೆ ಹಾಗೆ ಎದ್ದು ನಿಂತ ಹಿಮದ ದಿಬ್ಬ. ಅದು ಅವಳನ್ನು ಆಕಾಶಕ್ಕೆ ಎಸೆಯುತ್ತೆ. ಮೂರು ಲಾಗ, ಅದರೊಳಗೇ ಮೂರು ಗಿರಕಿ, ಆಮೇಲೆ ಎರಡೂ ಕಾಲ ಮೇಲೆ ನಿಂತು ಕಿರುಚುತ್ತಾಳೆ. 108.61 ಅಂಕ, ಚಿನ್ನ. ಅದು ಅವಳ ನಾಲ್ಕನೇ ಒಲಿಂಪಿಕ್ಸ್.

"ಮಾಮಾ, ಇದು ನಮ್ಮ ಬಾವ್ಯಾಗ ಆಗ್ತದಲ್ರಿ?"

ನನಗೂ ಚಿಕ್ಕಂದಿನಲ್ಲಿ ಇದೇ ಬಾವಿಗೆ ಲಾಗ ಹಾಕಿದ ನೆನಪು. ಸೊಂಟಕ್ಕೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಈಸು ಕಲಿತವರು ನಾವು. ಆದರೆ ಬೇಸಿಗೆಯಲ್ಲಿ ನೀರು ಕೆಳಗೆ ಹೋಗಿರುತ್ತೆ, ಹಾರೋ ಎತ್ತರ ತಾನಾಗೇ ಜಾಸ್ತಿ ಆಗಿರುತ್ತೆ. ಅದು ನನ್ನ ತಲೆಗೆ ಬರಲಿಲ್ಲ. ಮೂವತ್ತೆಂಟನೇ ವಯಸ್ಸಿನ ಹೊಟ್ಟೆಯೂ ನೆನಪಾಗಲಿಲ್ಲ.

ಹಾರಿದೆ. ಮುಂದಕ್ಕೆ ಒಂದು ಪೂರ್ತಿ ಲಾಗ ಹಾಕಿ ಕಾಲ ಮೇಲೆ ನೀರಿಗಿಳಿಯೋದು ಅಂದುಕೊಂಡಿದ್ದು. ಮುಕ್ಕಾಲಿಗೇ ನೀರು ಸಿಕ್ಕಿತು. ಫಳಾರ್ ಅಂತ ಬೆನ್ನು ಬಿತ್ತು. ಒಂದು ಕ್ಷಣ ಉಸಿರು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಮೇಲೆ ಬೇವಿನ ಎಲೆ ಮಾತ್ರ ಕಾಣ್ತಿತ್ತು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಹುಡುಗ ಮೇಲಿಂದ ಮಾರ್ಕು ಹಾಕಿದ: "ಹಾರಿದ್ದಕ್ಕ ಫುಲ್ ರೀ, ಇಳದದ್ದಕ್ಕ ಸೊನ್ನಿ!"

ಆಮೇಲೆ ಮೆಟ್ಟಿಲು. ಹಾರೋದಕ್ಕೆ ಹಿಡಿದದ್ದು ಒಂದೆರಡು ಸೆಕೆಂಡು, ಪಾಚಿ ಕಟ್ಟಿದ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಮೇಲೆ ಬರೋದಕ್ಕೆ ಹತ್ತು ನಿಮಿಷ.

ರಾತ್ರಿ ಅವ್ವ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟಳು, ಬೈಗುಳ ಬೇರೆ. ಹೊರಸಿನ ಮೇಲೆ ಬೋರಲು ಮಲಗಿ ಸುಮ್ನೆ ಮೊಬೈಲಲ್ಲಿ ಈ ಆಟದ ಬಗ್ಗೆ ಓದ್ತಾ ಹೋದೆ. ಇದಕ್ಕೆ ಏರಿಯಲ್ಸ್ ಅಂತಾರೆ, 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಿಂದ ಪದಕದ ಆಟ. ಹುಡುಗ ತಮಾಷೆಗೆ ಹೇಳಿದ್ದು ಪೂರ್ತಿ ತಪ್ಪಲ್ಲ. ಹಾರಿದ್ದಕ್ಕೆ 20, ಗಾಳಿಯಲ್ಲಿ ಮೈ ಹೇಗಿತ್ತು ಅನ್ನೋದಕ್ಕೆ 50, ಇಳಿದದ್ದಕ್ಕೆ 30 ಶೇಕಡಾ, ಆಮೇಲೆ ಲಾಗ ಎಷ್ಟು ಕಷ್ಟದ್ದು ಅನ್ನೋದರಿಂದ ಗುಣಿಸುತ್ತಾರೆ.

ನನಗೆ ನಗು ಬಂದದ್ದು ಮುಂದಿನದಕ್ಕೆ. ಈ ಹಿಮದ ಆಟದವರು ಬೇಸಿಗೆಯೆಲ್ಲಾ ಬೀಳೋದು ನೀರಿಗೆ! ಪ್ಲಾಸ್ಟಿಕ್ ಹಾಸಿದ ಇಳಿಜಾರಲ್ಲಿ ಸ್ಕೀ, ಹೆಲ್ಮೆಟ್ಟು ಸಮೇತ ಜಾರಿ ಬಂದು ಕೊಳಕ್ಕೆ ಹಾರುತ್ತಾರೆ. ಹೊಸ ಲಾಗ ನೀರಲ್ಲಿ ಪಕ್ಕಾ ಆದ ಮೇಲೇ ಹಿಮದ ಮೇಲೆ. ಪೆಟ್ಟು ಕಡಿಮೆ ಆಗಲಿ ಅಂತ ಕೊಳದ ತಳದಿಂದ ಗಾಳಿಗುಳ್ಳೆ ಬಿಟ್ಟು ನೀರನ್ನು ಸಡಿಲ ಮಾಡ್ತಾರೆ. ನಮ್ಮ ಬಾವಿಗೆ ಆ ಸೌಲಭ್ಯ ಇಲ್ಲ. ನೀರಿಂದ ಎದ್ದು, ನೀರು ತುಂಬಿದ ಭಾರದ ಬೂಟಿನಲ್ಲಿ, ಸ್ಕೀ ಹೊತ್ತುಕೊಂಡು ಮತ್ತೆ ಮೆಟ್ಟಿಲು ಹತ್ತಬೇಕು. ದಿನವಿಡೀ, ವರ್ಷಗಟ್ಟಲೆ. ನಾನು ಒಂದೇ ಸಲ ಹತ್ತಿದ್ದೆ.

ಆಸ್ಟ್ರೇಲಿಯಾದ ಅಲಿಸಾ ಕ್ಯಾಂಪ್ಲಿನ್ ಮೊದಲು ಜಿಮ್ನಾಸ್ಟ್, ಸ್ಕೀಯಿಂಗ್‌ಗೆ ಬಂದದ್ದೇ ಹತ್ತೊಂಬತ್ತರ ಹೊತ್ತಿಗೆ. ಅವಳು ಹಾರಿ ಕಲಿತದ್ದು ಜಿಗಣೆ ತುಂಬಿದ ಕೆಸರು ಹೊಂಡದಲ್ಲಂತೆ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡೂ ಕಣಕಾಲಿನಲ್ಲಿ ಬಿರುಕಿದ್ದರೂ ಚಿನ್ನ ಗೆದ್ದಳು. ಅದೇ ಒಲಿಂಪಿಕ್ಸ್‌ನಲ್ಲಿ ಗೆಲ್ಲಬೇಕಾದವಳು ಅಂತ ಎಲ್ಲರೂ ಹೇಳ್ತಿದ್ದ ಅವಳ ದೇಶದವಳೇ ಜಾಕಿ ಕೂಪರ್, ಸ್ಪರ್ಧೆಗೆ ಕೆಲವೇ ದಿನ ಇರುವಾಗ ಅಭ್ಯಾಸದಲ್ಲಿ ಬಿದ್ದು ಮೊಣಕಾಲು ಪುಡಿ ಮಾಡಿಕೊಂಡಳು. ಒಟ್ಟು ಐದು ಒಲಿಂಪಿಕ್ಸ್‌ಗೆ ಹೋದಳು, ಒಂದರಲ್ಲೂ ಪದಕ ಇಲ್ಲ. ಷೂ ಮೆಂಗ್‌ಟಾವ್‌ಳ ಕಿರುಚಾಟಕ್ಕಿಂತ ಈ ಕೂಪರ್‌ಳೇ ಯಾಕೋ ನನ್ನ ತಲೆಯಲ್ಲಿ ಉಳಿದಳು.

ಬೆಳಿಗ್ಗೆ ಇದೆಲ್ಲಾ ಹುಡುಗನಿಗೆ ಹೇಳಿದೆ. ಹೆದರಿ ಬಿಡ್ತಾನೆ ಅಂದುಕೊಂಡಿದ್ದೆ. "ಐದು ಸಲಾನಾ?" ಅಂದ, ಅಷ್ಟೇ.

ಭಾನುವಾರ ಮತ್ತೆ ಬಾವಿಗೆ ಹೋದೆವು. ಕಟ್ಟೆಯ ಮೇಲಿಂದ ಬೇಡ ಅಂತ ಅಕ್ಕ ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೆ ಕೆಳಗಿನ ಮೆಟ್ಟಿಲಿಂದ, ಸೊಂಟಕ್ಕೆ ಕ್ಯಾನ್ ಕಟ್ಟಿ. ನಾನು ಪಕ್ಕದಲ್ಲಿ ಹಗ್ಗ ಹಿಡಿದು ಕೂತೆ, ಬೆನ್ನು ಇನ್ನೂ ಚುರುಗುಟ್ಟುತ್ತಿತ್ತು. ಮೊದಲ ಆರು ಸಲ ನನ್ನ ಹಾಗೇ ಮುಕ್ಕಾಲು. ಏಳನೆಯದು ಸರಿಯಾಗಿ ಕಾಲ ಮೇಲೆ ಇಳಿಯಿತು. ನಾನು ಚಪ್ಪಾಳೆ ಹೊಡೆಯೋದರೊಳಗೆ ಅವನು ಮೆಟ್ಟಿಲಿಗೆ ಬಂದು ನಿಂತಿದ್ದ. ಎಂಟನೆಯದಕ್ಕೆ ಮತ್ತೆ ಬೆನ್ನು ಬಿತ್ತು.