ರಿಕ್ವೆಸ್ಟ್ ಹೊರುವವರು ಯಾರು? ಪಿಎಚ್‌ಪಿ, ನೋಡ್, ಜ್ಯಾಂಗೋ, ಸ್ಪ್ರಿಂಗ್

ವೆಬ್‌ಸೈಟಿನ ಸರ್ವರ್ ಬದಿಯ ಕೋಡಿಗೆ ಬಳಸುವ ಸಾಧನಗಳ ಬಗ್ಗೆ, ಪಿಎಚ್‌ಪಿ ನಿಧಾನ, ನೋಡ್ ವೇಗ, ಜಾವಾ ಭಾರ ಎನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಸೈಟು ಕೈಕೊಟ್ಟ ಹೊತ್ತಿನಲ್ಲಿ ಆ ಮಾತು ಯಾವ ಕೆಲಸಕ್ಕೂ ಬರುವುದಿಲ್ಲ. ಮೊದಲು ಕೇಳಬೇಕಾದ್ದು ಬೇರೆಯೇ ಇದೆ: ಬಂದ ರಿಕ್ವೆಸ್ಟನ್ನು (ಪುಟ ಬೇಕೆಂದು ಬ್ರೌಸರ್ ಕಳಿಸುವ ಕೋರಿಕೆಯನ್ನು) ಹೊರುವವರು ಯಾರು, ಅಂಥವರು ಎಷ್ಟು, ಅವರಲ್ಲೊಬ್ಬರು ಕಾಯುತ್ತ ಕೂತರೆ ಉಳಿದವರ ಗತಿಯೇನು?

ಪಿಎಚ್‌ಪಿಯಲ್ಲಿ, ಅದರ ಕೋಡ್ ಓಡಿಸುವ ಎಫ್‌ಪಿಎಂ ಎಂಬ ಪ್ರೋಗ್ರಾಂ ಬಳಸಿದರೆ, ಒಂದು ರಿಕ್ವೆಸ್ಟಿಗೆ ಒಂದು ವರ್ಕರ್, ಅಂದರೆ ಕೆಲಸಕ್ಕೆ ನಿಂತ ಒಂದು ಬೇರೆಯೇ ಪ್ರೊಸೆಸ್. ಪುಟ ಕಳಿಸಿದ ಮೇಲೆ ವೇರಿಯಬಲ್‌ಗಳೆಲ್ಲ ಅಳಿಸಿಹೋಗುತ್ತವೆ, ಹಾಗಾಗಿ ಒಂದು ಪುಟದ ತಪ್ಪು ಇನ್ನೊಂದಕ್ಕೆ ಅಂಟುವುದಿಲ್ಲ. 1995ರಿಂದ ಪಿಎಚ್‌ಪಿ ಬಾಳಿಕೆ ಬಂದಿರುವುದಕ್ಕೆ ಈ ಗುಣವೇ ದೊಡ್ಡ ಕಾರಣ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಡವುವುದು ವರ್ಕರ್‌ಗಳ ಲೆಕ್ಕದಲ್ಲಿ. ಎಫ್‌ಪಿಎಂ ಜತೆಗೆ ಬರುವ ಕಾನ್ಫಿಗ್‌ನಲ್ಲಿ ಗರಿಷ್ಠ 5 ವರ್ಕರ್ ಎಂದಿರುತ್ತದೆ. ಐದು ನಿಧಾನದ ಪುಟಗಳು ಒಟ್ಟಿಗೆ ಬಂದರೆ ಆರನೆಯವರು ಸಾಲಿನಲ್ಲಿ ನಿಲ್ಲುತ್ತಾರೆ, ಸಿಪಿಯು ಮಾತ್ರ ಖಾಲಿ ಕೂತಿರುತ್ತದೆ. ಸರ್ವರಿನಲ್ಲಿ 2 ಜಿಬಿ ಮೆಮೊರಿ ಇದೆ, ಡೇಟಾಬೇಸು ಮತ್ತು ಉಳಿದದ್ದಕ್ಕೆ 600 ಎಂಬಿ ತೆಗೆದಿಟ್ಟಿರಿ ಅನ್ನೋಣ. ಒಂದು ವರ್ಕರ್ 50 ಎಂಬಿ ತಿನ್ನುತ್ತಿದ್ದರೆ 28ರ ಆಸುಪಾಸು ಸರಿಹೋಗುತ್ತದೆ. ಧೈರ್ಯ ಮಾಡಿ 100 ಎಂದು ಬರೆದರೆ ದಟ್ಟಣೆಯ ಹೊತ್ತಿಗೆ ಮೆಮೊರಿ ತುಂಬಿ ಲಿನಕ್ಸ್ ಡೇಟಾಬೇಸನ್ನೇ ಕೊಂದುಬಿಡಬಹುದು.

ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸಲು 2009ರಲ್ಲಿ ಬಂದ ನೋಡ್ ಇದಕ್ಕೆ ತಿರುಗುಮುರುಗು. ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ಒಂದೇ ಎಳೆಯಲ್ಲಿ. ಡೇಟಾಬೇಸಿನ ಉತ್ತರಕ್ಕೆ ಕಾಯುವಾಗ ಅದು ಬೇರೆಯವರ ಕೆಲಸ ಮಾಡುತ್ತದೆ. ಚಾಟ್, ಲೈವ್ ಸ್ಕೋರ್, ವೆಬ್‌ಸಾಕೆಟ್‌ಗೆ (ಬ್ರೌಸರಿನೊಂದಿಗೆ ತೆರೆದೇ ಇರುವ ಸಂಪರ್ಕಕ್ಕೆ) ಹೇಳಿ ಮಾಡಿಸಿದ ಹಾಗಿದೆ. ಆದರೆ ಲೆಕ್ಕ ಹಾಕುವ ಕೆಲಸ ಬಂದರೆ ಎಲ್ಲರೂ ನಿಲ್ಲಬೇಕು. ಪಾಸ್‌ವರ್ಡ್ ಹ್ಯಾಶ್ ಮಾಡಲು (ಹಿಂದಕ್ಕೆ ಓದಲಾಗದ ಗುರುತಾಗಿ ಬದಲಿಸಲು) 250 ಮಿಲಿಸೆಕೆಂಡ್ ಬೇಕು, ಕೋಡಿನಲ್ಲಿ ಸಿಂಕ್ ಫಂಕ್ಷನ್, ಅಂದರೆ ಮುಗಿಯುವವರೆಗೂ ಥ್ರೆಡ್ಡನ್ನು ಹಿಡಿದಿಡುವ ರೂಪ, ಬಳಸಿದೆ ಎಂದುಕೊಳ್ಳಿ. ಎಂಟು ಜನ ಒಟ್ಟಿಗೆ ಲಾಗಿನ್ ಆದರೆ ಎಂಟನೆಯವರಿಗೆ 2 ಸೆಕೆಂಡ್. ಅವರ ಹಿಂದೆ ಬರೀ ಮುಖಪುಟ ಕೇಳಿದವರಿಗೂ ಅದೇ ಶಿಕ್ಷೆ. ನೋಡ್‌ನೊಳಗೇ ಇರುವ ಕ್ರಿಪ್ಟೋ ಮಾಡ್ಯೂಲಿನ ಅಸಿಂಕ್ ರೂಪ ಬಳಸಿದರೆ ಈ ಕೆಲಸ ಬದಿಯ ಥ್ರೆಡ್‌ಗಳಿಗೆ ಹೋಗುತ್ತದೆ. ಅವು ತಾನಾಗಿ ಇರುವುದು 4, ನಾಲ್ಕು ಕೋರ್ ಇದ್ದರೆ ಎಂಟೂ ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತವೆ. ಇನ್ನೊಂದು ವಿಷಯ: ನೋಡ್ 15ರಿಂದ ಈಚೆಗೆ, ಹಿಡಿಯದೆ ಬಿಟ್ಟ ಒಂದು ಪ್ರಾಮಿಸ್ ರಿಜೆಕ್ಷನ್ (ಆಮೇಲೆ ಮುಗಿಯಬೇಕಿದ್ದ ಕೆಲಸ ಸೋತಾಗ ಬರುವ ಎರರ್) ಇಡೀ ಪ್ರೊಸೆಸನ್ನೇ ಬೀಳಿಸುತ್ತದೆ. ಆ ಕ್ಷಣಕ್ಕೆ ಒಳಗಿದ್ದ ಎಲ್ಲರ ರಿಕ್ವೆಸ್ಟೂ ಹೋಯಿತು.

ಪೈಥಾನಿನ ವೆಬ್ ಚೌಕಟ್ಟಾದ ಜ್ಯಾಂಗೋ ಆರಿಸಲು ಅದರ ಅಡ್ಮಿನ್ (ಡೇಟಾ ನೋಡಲು, ತಿದ್ದಲು ಸಿದ್ಧವಾಗಿ ಬರುವ ಪುಟಗಳು) ಒಂದೇ ಸಾಕು. ಫಾರ್ಮು, ಪಟ್ಟಿ, ಅನುಮತಿ ಇರುವ ಕೆಲಸಕ್ಕೆ ವಾರಗಟ್ಟಲೆ ದುಡಿಮೆ ಉಳಿಯುತ್ತದೆ. ಜ್ಯಾಂಗೋ ಕೋಡನ್ನು ಓಡಿಸುವ ಗುನಿಕಾರ್ನ್ ಸರ್ವರಿನಲ್ಲಿ ಕೋರ್‌ಗಳ ಎರಡರಷ್ಟಕ್ಕೆ ಒಂದು ಕೂಡಿಸಿ ವರ್ಕರ್ ಇಡುವುದು ರೂಢಿ, ಅಂದರೆ 4 ಕೋರಿಗೆ 9. ಹೊರಗಿನ ಸೇವೆಗಳನ್ನು ಕರೆಯಲು ಬಳಸುವ ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಗೆ ನೀವಾಗಿ ಟೈಮ್‌ಔಟ್ (ಕಾಯುವ ಗಡುವು) ಕೊಡದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಹೊರಗಿನ ಎಸ್ಸೆಮ್ಮೆಸ್ ಸೇವೆ ಸುಮ್ಮನಾದರೆ ಒಂಬತ್ತೂ ವರ್ಕರ್ ಅಲ್ಲೇ ಸಿಕ್ಕಿಬಿದ್ದು, 30 ಸೆಕೆಂಡಿಗೆ ಗುನಿಕಾರ್ನ್ ಅವನ್ನು ಕೊಲ್ಲುತ್ತದೆ. ಪ್ರತಿ ಹೊರಕರೆಗೂ ಟೈಮ್‌ಔಟ್ ಬರೆಯಲೇಬೇಕು.

ಜಾವಾದ ವೆಬ್ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನಲ್ಲಿ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ 200 ಥ್ರೆಡ್ ಕೊಡುತ್ತದೆ, ಕನೆಕ್ಷನ್‌ಗಳನ್ನು ಹಂಚುವ ಹಿಕಾರಿ ಪೂಲ್ ಕೊಡುವುದು 10 ಡೇಟಾಬೇಸ್ ಕನೆಕ್ಷನ್. ಡೇಟಾಬೇಸಿನ ಜತೆ ಮಾತಾಡಲು ಜಾವಾದ ಜೆಪಿಎ ಬಳಸಿದರೆ ಓಪನ್ ಇನ್ ವ್ಯೂ ಎಂಬ ಸೆಟ್ಟಿಂಗ್ ತಾನಾಗಿ ಆನ್ ಆಗಿರುವುದರಿಂದ, ಒಮ್ಮೆ ಹಿಡಿದ ಕನೆಕ್ಷನ್ ರಿಕ್ವೆಸ್ಟ್ ಮುಗಿಯುವವರೆಗೂ ಕೈಬಿಡುವುದಿಲ್ಲ. ನಡುವೆ ಹೊರಗಿನ ಎಪಿಐ ಕರೆದಿರೋ, ಹತ್ತೇ ಜನ ಸಾಕು, ಉಳಿದವರು 30 ಸೆಕೆಂಡ್ ಕಾದು ಎರರ್ ನೋಡುತ್ತಾರೆ. ಜಾವಾ 21ರ ವರ್ಚುವಲ್ ಥ್ರೆಡ್ (ಸಾವಿರಗಟ್ಟಲೆ ಎಬ್ಬಿಸಬಹುದಾದ ಹಗುರ ಥ್ರೆಡ್) ಹಾಕಿದರೂ ಆ ಹತ್ತು ಹತ್ತೇ. ಓಪನ್ ಇನ್ ವ್ಯೂ ಆಫ್ ಮಾಡುವುದು ಮೊದಲ ಮದ್ದು. ಪೂಲನ್ನೇ ಹಿಗ್ಗಿಸುವವರು ಪೋಸ್ಟ್‌ಗ್ರೆಸ್ ಡೇಟಾಬೇಸ್ ತಾನಾಗಿ ಕೊಡುವುದು ಒಟ್ಟು 100 ಕನೆಕ್ಷನ್ ಎಂಬುದನ್ನು ಮರೆಯಬಾರದು: ತಲಾ 30ರ ನಾಲ್ಕು ಸರ್ವರ್ ಎಬ್ಬಿಸಿದರೆ ನಾಲ್ಕನೆಯದಕ್ಕೆ ಪೂರ್ತಿ ಸಿಗುವುದಿಲ್ಲ.

ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಹಲೋ ವರ್ಲ್ಡ್ (ಒಂದು ಸಾಲು ತೋರಿಸುವ ಖಾಲಿ ಪುಟ) ಅಳೆಯಬೇಡಿ. ನಿಮ್ಮ ಅತಿ ಕಷ್ಟದ ಒಂದೇ ಪುಟವನ್ನು ಎರಡರಲ್ಲೂ ಬರೆಯಿರಿ, ಅದರ ಕ್ವೆರಿಗೆ ಬೇಕೆಂದೇ 1 ಸೆಕೆಂಡ್ ತಡ ಸೇರಿಸಿ, 50 ಜನರ ಹೊರೆ ಐದು ನಿಮಿಷ ಹಾಕಿ. ಅದೇ ಹೊತ್ತಿಗೆ ಇನ್ನೊಂದು ಕಿಟಕಿಯಿಂದ ಹಗುರವಾದ ಪುಟವೊಂದನ್ನು ತೆರೆದು, ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ನೋಡಿ.