ಮಕ್ಕಳ ಟೀ ಪಾರ್ಟಿಯಲ್ಲಿ ನಿಜವಾಗ್ಲೂ ಟೀ ಕೊಡ್ತೀರಾ?

ಮುಂಬೈಯ ಮುಲುಂಡಿನ ನಮ್ಮ ಮನೆಯಲ್ಲಿ ಆಗಾಗ ಮಕ್ಕಳ ಟೀ ಪಾರ್ಟಿ ನಡೆಯುತ್ತದೆ. ಮಗಳ ಗೆಳತಿಯರು, ಬಿಲ್ಡಿಂಗಿನ ಚಿಳ್ಳೆಪಿಳ್ಳೆಗಳು ಎಲ್ಲ ಸೇರುತ್ತಾರೆ. ಅವರ ಅಮ್ಮಂದಿರು, ಊರಿಂದ ಫೋನ್ ಮಾಡುವ ಅತ್ತಿಗೆ, ಎಲ್ಲರೂ ಕೇಳುವುದು ಒಂದೇ: “ಅಷ್ಟು ಚಿಕ್ಕ ಮಕ್ಕಳಿಗೆ ಟೀ ಕೊಡ್ತೀರಾ?”

ಇಲ್ಲ. ಒಂದು ಗುಟುಕೂ ಇಲ್ಲ.

ಒಂದು ಕಪ್ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಸಂಜೆ ಅದನ್ನು ಕುಡಿದ ಮಗುವಿಗೆ ರಾತ್ರಿ ನಿದ್ದೆ ಹತ್ತಬೇಕಲ್ಲ? ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಟ್ಯಾನಿನ್, ಅಂದರೆ ಟೀಗೆ ಒಗರು ಕೊಡುವ ಅಂಶ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಊಟಕ್ಕೆ ಮುಂಚೆ ಒಂದು ಗಂಟೆ, ಆದಮೇಲೆ ಒಂದು ಗಂಟೆ ಟೀ, ಕಾಫಿ ಬೇಡ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿ ದೊಡ್ಡವರಿಗೇ ಹೇಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಇದನ್ನು ಓದಿದ ಮೇಲೆ ಮಕ್ಕಳಿಗೆ ಟೀ ರುಚಿ ಹತ್ತಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಹಾಗಾದರೆ ಕೆಟಲಿನಲ್ಲಿ ಏನು? ಮಳೆಗಾಲದಲ್ಲಿ ನಮ್ಮ ಕಷಾಯ. ಕೊತ್ತಂಬರಿ, ಜೀರಿಗೆ, ಬಡೇಸೋಪು, ನಾಲ್ಕೇ ಕಾಳುಮೆಣಸು ಹುರಿದು ಪುಡಿ ಮಾಡಿಟ್ಟಿರುತ್ತೇನೆ. ನೀರಿನಲ್ಲಿ ಕುದಿಸಿ, ಹಾಲು ಹಾಕಿ, ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ. ಕುದಿಯುವಾಗಲೇ ಬೆಲ್ಲ ಹಾಕಿದರೆ ಹಾಲು ಒಡೆಯಬಹುದು. ಬಣ್ಣ ನೋಡಿದರೆ ಥೇಟ್ ಟೀ. ಮಕ್ಕಳಿಗೆ ಅಷ್ಟು ಸಾಕು! ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು. ಕೋಕಂ ಅಂತ ಕೇಳಿದರೆ ಮುಂಬೈಯಲ್ಲಿ ಎಲ್ಲ ಕಡೆ ಸಿಗುತ್ತದೆ. ಆದರೆ ಅಡುಗೆಗೆ ಮಾರುವುದರಲ್ಲಿ ಹೆಚ್ಚಾಗಿ ಉಪ್ಪು ಇರುತ್ತದೆ. ಶರಬತ್ತಿಗೆ ಉಪ್ಪಿಲ್ಲದ್ದೇ ಬೇಕು, ಕೇಳಿ ತನ್ನಿ.

ನಿಜ ಹೇಳಬೇಕೆಂದರೆ, ಮಕ್ಕಳು ಕಾಯುವುದು ಕೆಟಲ್ ತಮ್ಮ ಕೈಗೆ ಬರುವ ಹೊತ್ತಿಗಾಗಿ. ಅದಕ್ಕೇ ನಾನು ಬಡಿಸುವುದಿಲ್ಲ. ಚಿಕ್ಕ ಕೆಟಲ್, ಅರ್ಧ ಮಾತ್ರ ತುಂಬಿಸಿ, ಬೆರಳಿಟ್ಟು ನೋಡಿದಾಗ ಉಗುರುಬೆಚ್ಚಗಿದ್ದರೆ ಅವರ ಕೈಗೆ. ಬಿಸಿಯಿದ್ದರೆ ಖಂಡಿತ ಕೊಡುವುದಿಲ್ಲ. ಎರಡನೇ ಮಹಡಿಯ ಹುಡುಗ ಎಡಗೈಯಿಂದ ಮುಚ್ಚಳ ಒತ್ತಿ, ತುಟಿ ಕಚ್ಚಿಕೊಂಡು, ಕಪ್ಪಿನ ಅಂಚಿನವರೆಗೂ ಸುರಿಯುತ್ತಾನೆ. ಆಮೇಲೆ “ಆಂಟಿ, ನಿಮಗೆ?” ಅನ್ನುತ್ತಾನೆ. ಚೆಲ್ಲಿದರೆ ಚೆಲ್ಲಲಿ, ಕೆಳಗೆ ಹಾಸಿರುವುದು ಹಳೇ ಬೆಡ್‌ಶೀಟ್. ಒನ್ ಬಿಎಚ್‌ಕೆಯಲ್ಲಿ ಮೇಜು ಕುರ್ಚಿಗೆ ಜಾಗವೆಲ್ಲಿ? ನೆಲದ ಮೇಲೆ ಕೂತರೆ ಬೀಳುವ ಭಯವೂ ಇಲ್ಲ.

ತಿನ್ನಲು ಸೌತೆಕಾಯಿ, ಹಸಿರು ಚಟ್ನಿಯ ಪುಟ್ಟ ಸ್ಯಾಂಡ್‌ವಿಚ್, ಬೇಕರಿಯ ನಾನ್‌ಖಟಾಯಿ. ಜೈನರ ಮಗುವಿದ್ದರೆ ಚಟ್ನಿಗೆ ಬೆಳ್ಳುಳ್ಳಿ, ಶುಂಠಿ ಬೇಡ, ಆಲೂಗಡ್ಡೆಯೂ ಬೇಡ. ಮಾವಾ ಕೇಕ್ ತರುವುದಾದರೆ ಮೊಟ್ಟೆ ಹಾಕಿದ್ದಾರಾ ಅಂತ ಮೊದಲೇ ವಿಚಾರಿಸಿ. ಚಿಕ್ಕವರಿಗೆ ಇಡೀ ಗೋಡಂಬಿ, ಬಾದಾಮಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕರೆದುಕೊಂಡು ಹೋಗಲು ಬರುವ ಅಮ್ಮಂದಿರಿಗೆ ಬೇರೆ ಪಾತ್ರೆಯಲ್ಲಿ ಶುಂಠಿ ಟೀ ಇಟ್ಟಿರುತ್ತೇನೆ.